ಲೋಯರಿಂಗ್ ಸ್ಪ್ರಿಂಗ್
ಕಾರಿನ ಒಡಲನ್ನು ನೆಲಕ್ಕೆ ಸಮೀಪಗೊಳಿಸಿ, ತನ್ಮೂಲಕ ಗುರುತ್ವಕೇಂದ್ರವನ್ನು ತಗ್ಗಿಸಿ, ತಿರುವುಗಳಲ್ಲಿ ಓಲಾಟವನ್ನು ಕಡಮೆಮಾಡುವ, ಮೂಲದ್ದಕ್ಕಿಂತ ಗಿಡ್ಡವೂ ಬಿಗಿಯೂ ಆದ ಉಕ್ಕಿನ ಸುರುಳಿ. ಇಳಿಸಿದಷ್ಟೂ ಚಕ್ರದ ಮೇಲ್ಚಲನೆಗೆ ಉಳಿಯುವ ಅವಕಾಶ ಕುಗ್ಗುವುದರಿಂದ ಬಿಗಿತ ಹೆಚ್ಚಲೇಬೇಕು. ಆ ಬಿಗಿತಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಕಾರು ಪುಟಿಯತೊಡಗುವುದು. ನೀಲಗಿರಿಯಲ್ಲಿ ಉದಕಮಂಡಲಕ್ಕೂ ಮಸಿನಗುಡಿಗೂ ನಡುವೆ 36 ಕಡುತಿರುವುಗಳುಳ್ಳ ಕಲ್ಹಟ್ಟಿ ಘಾಟಿಯನ್ನು ಕಂಡವರಿಗೆ ಇಂಥ ಸ್ಪ್ರಿಂಗಿನ ಆಕರ್ಷಣೆ ಸಹಜವೇ ಸರಿ. ಆದರೆ ಅದರಾಚೆ ಮುದುಮಲೆಯ ಅರಣ್ಯದಲ್ಲಿ, ವನ್ಯಮೃಗಗಳ ರಕ್ಷಣಾರ್ಥವಾಗಿ ಹಾಕಿದ ರಸ್ತೆಯುಬ್ಬುಗಳು ತಗ್ಗಿದ ಕಾರಿನ ಅಡಿಯನ್ನು ಪರೀಕ್ಷಿಸದೆ ಬಿಡವು. ಆದುದರಿಂದ ನಿತ್ಯಸಂಚಾರದ ಕಾರಿಗೆ ಸುಮಾರು 25 ಮಿಲಿಮೀಟರಿಗಿಂತ ಹೆಚ್ಚಿನ ಇಳಿಕೆ ಯುಕ್ತವಲ್ಲ. ಹಳೆಯ ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸುವುದಂತೂ ಶುದ್ಧ ಅವಿವೇಕ. ಜೋಡಣೆಯ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸತಕ್ಕದ್ದು. ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ನಿರ್ಬಂಧಿಸಿದೆ.