ಹಾಡಿನ ಕೊನೆಯಲ್ಲೊಂದು ಹೆಸರು

ಕಳೆದ ವರ್ಷ ನಮ್ಮೂರಿನ ಕಾಲೇಜಿನ ಮಕ್ಕಳು ನಾಲ್ಕು ನಿಮಿಷದ ಹಾಡಿನ ವಿಡಿಯೊ ಒಂದನ್ನು ತಯಾರಿಸಿದರು. ಊರ ಕೆರೆಯ ಬಗೆಗಿನ ಹಾಡು. ಸಾಲುಗಳನ್ನು ತಿದ್ದಿಕೊಡಿ ಎಂದು ನಮ್ಮ ಬಳಿಗೆ ಬಂದದ್ದರಿಂದ ಆ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ಸಿಕ್ಕಿತು. ಒಂದು ಮೊಬೈಲ್ ಫೋನು, ಯಾರದೋ ಮನೆಯಿಂದ ತಂದ ಮೈಕು, ಪುಕ್ಕಟೆ ಸಿಗುವ ತಂತ್ರಾಂಶ ತುಂಬಿದ ಹಳೆಯ ಲ್ಯಾಪ್‌ಟಾಪ್ - ಇಷ್ಟೇ ಅವರ ಬಂಡವಾಳ. ಕೋಣೆಯ ಗೋಡೆಗೆ ಕಂಬಳಿ ನೇತುಹಾಕಿ, ಫ್ಯಾನ್ ನಿಲ್ಲಿಸಿ, ಬೆವರುತ್ತಾ ಹಾಡನ್ನು ಮುದ್ರಿಸಿಕೊಂಡರು. ಮರುದಿನ ಕೆರೆಯ ಏರಿಯ ಮೇಲೆ ಅದೇ ಹಾಡನ್ನು ಜೋರಾಗಿ ಹಾಕಿ, ಅದಕ್ಕೆ ಸರಿಯಾಗಿ ತುಟಿ ಆಡಿಸುವವರನ್ನು ಚಿತ್ರೀಕರಿಸಿದರು.

ಎಲ್ಲ ಮುಗಿದು ಹೆಸರುಗಳ ಪಟ್ಟಿ ಹಾಕುವ ಹೊತ್ತಿಗೆ ತೊಡಕು ಎದುರಾಯಿತು. ಫೋನು ಹಿಡಿದವನ ಹೆಸರು ಇತ್ತು, ದೃಶ್ಯ ಜೋಡಿಸಿದವನ ಹೆಸರು ಇತ್ತು, ಮೈಕು ಕೊಟ್ಟವನ ಹೆಸರೂ ಇತ್ತು. ಹಾಡಿದವಳ ಹೆಸರಿನ ಜಾಗದಲ್ಲಿ ಮಾತ್ರ 'ವಿದ್ಯಾರ್ಥಿನಿಯರು' ಎಂದಷ್ಟೇ ಇತ್ತು. ಹಾಡಿದವಳು ನಮ್ಮ ಬೀದಿಯ ಹುಡುಗಿ. ಮಗಳ ಮುಖವಾಗಲೀ ಹೆಸರಾಗಲೀ ಬರಬಾರದು ಎಂದು ತಂದೆ ಹೇಳಿದ್ದರು. ಮುಖದ ವಿಷಯದಲ್ಲಿ ಅವಳಿಗೆ ತಕರಾರಿರಲಿಲ್ಲ. ಗೆಳತಿಯೊಬ್ಬಳು ತುಟಿ ಆಡಿಸಿದ್ದಳು. ಹೆಸರನ್ನು ಮಾತ್ರ ಬಿಟ್ಟುಕೊಡಲು ಅವಳು ಸಿದ್ಧಳಿರಲಿಲ್ಲ. "ಚಾಚಾ, ನೀವು ಅಬ್ಬಾಗೆ ಒಂದು ಮಾತು ಹೇಳಿ" ಎಂದು ನಮ್ಮಲ್ಲಿಗೆ ಬಂದಳು.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ಯೋಚಿಸುತ್ತಾ ಕುಳಿತಾಗ, ಇದು ಇಂದು ಹುಟ್ಟಿದ ಜಗಳವಲ್ಲ, ನಮ್ಮ ದೇಶದಲ್ಲಿ ಹಾಡು ಯಂತ್ರದೊಳಗೆ ಹೊಕ್ಕ ದಿನದಿಂದಲೇ ಅದರ ಬೆನ್ನಿಗಿರುವ ಪ್ರಶ್ನೆ ಎಂಬುದು ಹೊಳೆಯಿತು.

1902ರ ನವೆಂಬರ್ ತಿಂಗಳು. ಗ್ರಾಮಫೋನ್ ಕಂಪನಿಯ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲೊಂದರ ಕೋಣೆಯಲ್ಲಿ ತನ್ನ ಯಂತ್ರ ಹೂಡಿದ. ಅಂದಿಗೆ ಮೈಕ್ ಇರಲಿಲ್ಲ. ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದದ್ದು 1925ರಲ್ಲಿ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಗಂಟಲೆತ್ತಿ ಹಾಡಬೇಕು. ಆ ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಸಿಗುವುದು ಹೆಚ್ಚೆಂದರೆ ಮೂರು ನಿಮಿಷ. ರಾತ್ರಿಯಿಡೀ ರಾಗ ಬಿಡಿಸುವ ಉಸ್ತಾದರಲ್ಲಿ ಹಲವರು ಇದನ್ನು ಅಪಮಾನವೆಂದು ಭಾವಿಸಿ ದೂರ ನಿಂತರು. ಆ ಕೊಳವೆಯ ಮುಂದೆ ಬಂದು ನಿಂತು ಹಾಡಿ ಗೆದ್ದವರಲ್ಲಿ ಗೌಹರ್ ಜಾನ್ ಮೊದಲ ಸಾಲಿನವರು.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಆಕೆಯ ಹೆಸರು ಏಂಜೆಲಿನಾ. ಮನೆತನ ಆರ್ಮೇನಿಯನ್ ಮೂಲದ್ದು. ದಾಂಪತ್ಯ ಮುರಿದುಬಿದ್ದ ಬಳಿಕ ತಾಯಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಖಯಾಲ್, ಠುಮ್ರಿಗಳನ್ನು ಮೂರು ನಿಮಿಷದ ಅಚ್ಚಿಗೆ ಇಳಿಸುವ ಜಾಣ್ಮೆ ಆಕೆಗೆ ಸಿದ್ಧಿಸಿತ್ತು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಕೇಳಿದವರಿಗೆ ಇದು ಬಿಂಕವೆಂದು ತೋರಬಹುದು. ನಿಜವಾದ ಕಾರಣ ಬೇರೆ. ತಟ್ಟೆಗಳನ್ನು ಅಚ್ಚುಹಾಕಲು ಜರ್ಮನಿಯ ಹ್ಯಾನೋವರಿಗೆ ಕಳಿಸುತ್ತಿದ್ದರು. ಹಿಂದೂಸ್ತಾನಿಯ ಗಂಧವಿಲ್ಲದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಈ ಘೋಷಣೆ ನೆರವಾಗುತ್ತಿತ್ತು. ಹೀಗೆ ಕಾರ್ಖಾನೆಯ ಅನುಕೂಲಕ್ಕೆಂದು ಹುಟ್ಟಿದ ರೂಢಿ ಒಬ್ಬ ಹೆಣ್ಣುಮಗಳ ಸಹಿಯಾಗಿ ಉಳಿದುಬಿಟ್ಟಿತು. ಮೆಹಫಿಲಿನಲ್ಲಿ ಹಾಡುವ ಹೆಣ್ಣು ಎಂದರೆ ಸಮಾಜ ಮೂಗು ಮುರಿಯುತ್ತಿದ್ದ ದಿನಗಳಲ್ಲಿ, ಆ ಹೆಸರು ಮರ್ಯಾದಸ್ತರ ದಿವಾನಖಾನೆಗಳಲ್ಲೂ ಕೇಳತೊಡಗಿತು.

ಆಕೆಯ ಕೊನೆಯ ದಿನಗಳು ನಮ್ಮ ನಾಡಿನಲ್ಲೇ ಕಳೆದವು. ಕೋರ್ಟು ಕಚೇರಿ, ಕೈಬಿಟ್ಟ ಸಂಬಂಧಗಳಿಂದ ಸೋತ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ, ಆಸ್ಥಾನ ಸಂಗೀತಗಾರ್ತಿಯಾಗಿ ಮೈಸೂರಿಗೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಹಾಡಿನ ಕೊನೆಗೆ ಹೆಸರು ಇಡುವುದು ನಮಗೇನು ಹೊಸದೇ? ಕನ್ನಡ ಶಾಲೆಯಲ್ಲಿ ನಾವು ಅಂಕಿತ ಎಂಬುದನ್ನು ಕಲಿತೆವು, ಉರ್ದು ಶಾಲೆಯಲ್ಲಿ ತಖಲ್ಲುಸ್ ಎಂಬುದನ್ನು ಕಲಿತೆವು. ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರು. ಶಿಶುನಾಳ ಷರೀಫರು ತಮ್ಮೂರಿನ ಅಧೀಶನ ಹೆಸರಿನಲ್ಲಿ ಹಾಡು ಮುಗಿಸಿದರು. ಗಜಲ್ ಕವಿಯಾದರೋ ಮಕ್ತಾದಲ್ಲಿ ತನ್ನದೇ ಕಾವ್ಯನಾಮವನ್ನು ಹೆಣೆದು ಬಿಡುತ್ತಾನೆ. 1889ರಲ್ಲಿ ತೀರಿಕೊಂಡ ಷರೀಫರ ದನಿ ಯಾವ ಯಂತ್ರದಲ್ಲೂ ಇಲ್ಲ. ಆದರೂ ಹಾಡು ಯಾರದೆಂಬ ಗೊಂದಲ ನಮಗಿಲ್ಲ; ಅಂಕಿತ ಅದನ್ನು ಕಾಪಾಡಿತು. ಯಂತ್ರಕ್ಕಿಂತ ಮೊದಲೇ ನಮ್ಮವರು ಹಾಡಿಗೆ ಹೆಸರನ್ನು ಕಟ್ಟುವ ದಾರಿ ಕಂಡುಕೊಂಡಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಯಂತ್ರ ಬಂದ ಮೇಲೆ ಹೆಸರು ಉಳಿದದ್ದೂ ಉಂಟು, ಅಳಿಸಿದ್ದೂ ಉಂಟು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾಗಿದ್ದದ್ದು 'ಕಾಮಿನಿ' - ಚಿತ್ರದ ಪಾತ್ರದ ಹೆಸರು! ತೆರೆಯ ಮೇಲೆ ತುಟಿ ಆಡಿಸಿದವರು ಮಧುಬಾಲಾ. ಹಾಡಿದ ಲತಾ ಮಂಗೇಶ್ಕರ್ ಎಲ್ಲೂ ಇರಲಿಲ್ಲ. ಹಾಡಿದವರು ಯಾರೆಂದು ಕೇಳುಗರೇ ರೇಡಿಯೊದವರನ್ನು ವಿಚಾರಿಸಬೇಕಾಯಿತು. ಹಿನ್ನೆಲೆ ಗಾಯಕರ ಹೆಸರು ನಮೂದಾಗಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ಇಂಥ ಅನುಭವಗಳಿಂದಲೇ. ನಮ್ಮ ಬೀದಿಯ ಹುಡುಗಿಯ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ!

ನಮ್ಮ ಬಾಲ್ಯದ ಹೊತ್ತಿಗೆ ಕ್ಯಾಸೆಟ್ ಬಂದಿತ್ತು. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ಹೊರತಂದಿದ್ದರೂ ನಮ್ಮ ಮನೆಗಳನ್ನು ಅದು ಹೊಕ್ಕದ್ದು ಎಂಬತ್ತರ ದಶಕದಲ್ಲಿ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಮರಳುವಾಗ ಟೂ-ಇನ್-ಒನ್ ತರುತ್ತಿದ್ದರು. ಹೊಸ ಮಾಲು ಬಂದ ಮನೆಯಲ್ಲಿ ಸಂಜೆ ಬೀದಿಯೇ ಸೇರುತ್ತಿತ್ತು. ಅದರ ನಿಜವಾದ ಬೆರಗು ಹಾಡು ಕೇಳಿಸುವುದರಲ್ಲಿ ಇರಲಿಲ್ಲ, ಕೆಂಪು ಗುಂಡಿ ಒತ್ತಿದರೆ ನಮ್ಮ ದನಿಯನ್ನೂ ಹಿಡಿದಿಡುವುದರಲ್ಲಿತ್ತು. ಕವ್ವಾಲಿ, ನಾತ್, ಭಜನೆ, ಜಾನಪದ - ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದಿದ್ದ ಹಾಡುಗಳೆಲ್ಲ ಸಣ್ಣಪುಟ್ಟ ಕಂಪನಿಗಳ ಕ್ಯಾಸೆಟ್ಟಿನಲ್ಲಿ ಮಾರುಕಟ್ಟೆಗೆ ಬಂದವು. ಜೊತೆಗೇ ನಕಲಿ ಕ್ಯಾಸೆಟ್ಟುಗಳ ಮಹಾಪೂರ. ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಳ್ಳುವಾಗ ಹಾಡು ಬರುತ್ತಿತ್ತು, ಹಾಡಿದವರ ಹೆಸರು ಹಿಂದೆಯೇ ಉಳಿಯುತ್ತಿತ್ತು. ಪೆನ್ಸಿಲಿನಲ್ಲಿ 'ಹಳೆ ಹಾಡುಗಳು' ಎಂದು ಬರೆದ ಎಷ್ಟು ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲಿದ್ದವೋ!

ಹಾಡಿಗೆ ಚಿತ್ರ ಕೂಡಿಸಿ ಅದನ್ನೇ ಸ್ವತಂತ್ರ ಕೃತಿಯಾಗಿ ತೋರಿಸುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿದ್ದೂ ಎಂಬತ್ತರ ದಶಕದಲ್ಲೇ. ಅಮೆರಿಕದಲ್ಲಿ ಎಂಟಿವಿ 1981ರ ಆಗಸ್ಟ್ 1ರಂದು ಆರಂಭವಾಯಿತು. ಅದೇ ವರ್ಷ ನಮ್ಮ ಉಪಖಂಡದಲ್ಲಿ 'ಡಿಸ್ಕೊ ದೀವಾನೆ' ಬಂತು. ಹಾಡಿದ ನಾಜಿಯಾ ಹಸನ್ ಕರಾಚಿ ಮೂಲದ, ಲಂಡನ್ನಿನಲ್ಲಿ ಓದುತ್ತಿದ್ದ ಹುಡುಗಿ. ಹಿಂದಿನ ವರ್ಷ 'ಕುರ್ಬಾನಿ' ಚಿತ್ರಕ್ಕೆ ಹಾಡಿದಾಗ ಇನ್ನೂ ಹದಿನೈದರ ಆಸುಪಾಸು. ಆ ಹಾಡುಗಳಿಗೆ ಸಂಗೀತ ಕೊಟ್ಟ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಕೊಡಗಿನ ಮನೆತನದವರು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿಯದು. ಸಿನಿಮಾದ ಹೊರಗೆ, ಅಕ್ಕತಮ್ಮಂದಿರಿಬ್ಬರು ತಮ್ಮ ಹೆಸರಿನಲ್ಲೇ ಹಾಡಿ ಹೆಸರಾದದ್ದು ಆ ಕಾಲಕ್ಕೆ ದೊಡ್ಡ ಮಾತು. 1987ರಲ್ಲಿ ಪಾಕಿಸ್ತಾನದ ವೈಟಲ್ ಸೈನ್ಸ್ ತಂಡದ ಎಳೆಯರು ಟಿವಿ ನಿರ್ದೇಶಕ ಶೋಯೆಬ್ ಮನ್ಸೂರ್ ಅವರ ನೆರವಿನಿಂದ ದೇಶಗೀತೆಯೊಂದರ ವಿಡಿಯೊ ಮಾಡಿದರು. ಮುಖ್ಯ ಗಾಯಕ ಜುನೈದ್ ಜಮ್ಶೇದ್ ಲಾಹೋರಿನ ಇಂಜಿನಿಯರಿಂಗ್ ವಿದ್ಯಾರ್ಥಿ. ಮುಂದೆ ಆತ ಆ ಸಂಗೀತವನ್ನು ತೊರೆದು ನಾತ್ ಹಾಡುವವರಾಗಿ, ಧರ್ಮಬೋಧಕರಾಗಿ ಹೆಸರಾದರು. 2016ರ ವಿಮಾನ ದುರಂತದಲ್ಲಿ ತೀರಿಕೊಂಡರು. ಹಾಡಿನ ಕುರಿತು ನಮ್ಮ ಸಮುದಾಯದೊಳಗಿರುವ ತಾಕಲಾಟ ಒಬ್ಬನೇ ಮನುಷ್ಯನ ಬದುಕಿನಲ್ಲಿ ಹೀಗೆ ಕಾಣಿಸಿಕೊಂಡಿತು. ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ನಮ್ಮ ದೂರದರ್ಶನದಲ್ಲಿ 1988ರ ಸ್ವಾತಂತ್ರ್ಯ ದಿನದಂದು ಗದಗದ ನೆಲದ ಭೀಮಸೇನ ಜೋಶಿಯವರ ದನಿಯಿಂದ ತೊಡಗಿ ಹಲವು ನುಡಿಗಳಲ್ಲಿ ಸಾಗಿದ 'ಮಿಲೇ ಸುರ್'ಅನ್ನು ನಾವು ನೆರೆಮನೆಯ ಟಿವಿಯ ಮುಂದೆ ಕುಳಿತು ನೋಡಿದ್ದೆವು. ಕನ್ನಡದ ಸಾಲು ಬಂದಾಗ ಮಕ್ಕಳೆಲ್ಲ ಕೂಗಿದ್ದು ಇಂದಿಗೂ ನೆನಪಿದೆ.

ಆದರೆ ಇವೆಲ್ಲ ಟಿವಿ ಕೇಂದ್ರ, ಸ್ಟುಡಿಯೊ, ದೊಡ್ಡ ಹಣ ಇದ್ದವರ ಕೆಲಸಗಳು. ವಿದ್ಯಾರ್ಥಿಗಳ ಕೈಗೆ ಸಲಕರಣೆ ಇಳಿದದ್ದು ಡಿಜಿಟಲ್ ಯುಗದಲ್ಲಿ. ಇದರ ಗುಟ್ಟು ಸರಳ. ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುವುದು. 1982ರಲ್ಲಿ ಬಂದ ಸಿ.ಡಿ.ಯ ಲೆಕ್ಕವಿದು. ಅಂಕಿಯನ್ನು ಎಷ್ಟು ಸಲ ನಕಲಿಸಿದರೂ ಕ್ಯಾಸೆಟ್ಟಿನಂತೆ ಮಸುಕಾಗುವುದಿಲ್ಲ. 1995ರಲ್ಲಿ ಡಿವಿ ಕ್ಯಾಮೆರಾಗಳು ಚಿತ್ರಕ್ಕೂ ಇದನ್ನೇ ಮಾಡಿದವು. ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಜಾಗ ಬೇಕಿತ್ತು. ನಾಲ್ಕು ನಿಮಿಷದ ಹಾಡೊಂದು 700 ಮೆಗಾಬೈಟಿನ ಸಿ.ಡಿ.ಯಲ್ಲಿ ಹಿಡಿಸುತ್ತಿರಲಿಲ್ಲ. 1999ರಲ್ಲಿ ಐಮೂವಿ, 2000ದಲ್ಲಿ ವಿಂಡೋಸ್ ಮೂವಿ ಮೇಕರ್, ಅದೇ ವರ್ಷ ದನಿ ತಿದ್ದಲು ಪುಕ್ಕಟೆಯ ಅಡಾಸಿಟಿ, 2005ರಲ್ಲಿ ಯೂಟ್ಯೂಬ್ - ಆರು ವರ್ಷಗಳೊಳಗೆ ಮುದ್ರಣ, ಜೋಡಣೆ, ಪ್ರಸಾರ ಮೂರೂ ಸಾಮಾನ್ಯರ ಅಂಗೈಗೆ ಬಂದವು. ನಮ್ಮ ಮಕ್ಕಳು ಕೆರೆಯ ಏರಿಯ ಮೇಲೆ ಚಪ್ಪಾಳೆ ಹೊಡೆದದ್ದು, ಆಮೇಲೆ ಲ್ಯಾಪ್‌ಟಾಪಿನ ತೆರೆಯ ಮೇಲೆ ಆ ಚಪ್ಪಾಳೆಯ ಮೊನೆಯನ್ನು ಹಿಡಿದು ದನಿಗೂ ತುಟಿಗೂ ಹೊಂದಿಸಿದ್ದು ಸಿನಿಮಾದವರ ಹಳೆಯ ವಿದ್ಯೆಯೇ. ಅದಕ್ಕೆ ಬೇಕಾದ ಹಣ ಮಾತ್ರ ಬೇಡವಾಗಿತ್ತು.

ಈ ಸಲಕರಣೆಗಳಲ್ಲೂ ಹೆಸರಿನ ತೊಡಕು ಇದ್ದೇ ಇತ್ತು. ಹಲವು ತಂತ್ರಾಂಶಗಳಲ್ಲಿ ಬಹುಕಾಲ ಕನ್ನಡದ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತಿದ್ದವು. ಉರ್ದು ಅಕ್ಷರಗಳು ಒಂದಕ್ಕೊಂದು ಕೂಡದೆ ಹಿಂದುಮುಂದಾಗುತ್ತಿದ್ದವು. ಎಷ್ಟೋ ಜನ ಬೇಸತ್ತು ಇಂಗ್ಲಿಷಿನಲ್ಲೇ ಹೆಸರು ಹಾಕಿ ಕೈತೊಳೆದುಕೊಂಡರು. ಯೂನಿಕೋಡ್ ನೆಲೆಯೂರಿದ ಮೇಲೆ ಈ ಕಷ್ಟ ಬಹುಮಟ್ಟಿಗೆ ಕಡಿಮೆಯಾಗಿದೆ.

ಇಷ್ಟೆಲ್ಲ ಓದಿಕೊಂಡ ನಾವು ಮರುದಿನ ಹುಡುಗಿಗೆ ಜಾಣತನದ ಸಲಹೆಯೊಂದನ್ನು ಕೊಟ್ಟೆವು. "ಒಂದು ತಖಲ್ಲುಸ್ ಇಟ್ಟುಕೊ ಮಗಳೇ. ಅಬ್ಬಾನ ಮಾತೂ ಉಳಿಯುತ್ತದೆ, ನಿನ್ನದೂ ಉಳಿಯುತ್ತದೆ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಫೋನ್ ಹಿಡಿದವನಿಗೆ ತಖಲ್ಲುಸ್ ಬೇಡವಾ ಚಾಚಾ?" ನಮ್ಮ ಬಳಿ ಉತ್ತರವಿರಲಿಲ್ಲ. ಕವಿ ತಾನಾಗಿ ಆರಿಸಿಕೊಳ್ಳುವ ಹೆಸರಿಗೂ ಮರೆಮಾಚಲೆಂದು ಹೊದಿಸುವ ಹೆಸರಿಗೂ ಇರುವ ಅಂತರ ನಲವತ್ತು ದಾಟಿದ ಕತೆಗಾರನಿಗೆ ಹೊಳೆದಿರಲಿಲ್ಲ.

ಆ ಸಂಜೆ ಅವಳ ತಂದೆಯ ಅಂಗಡಿಗೆ ಹೋದೆವು. ಉಪದೇಶ ಮಾಡಲಿಲ್ಲ. ಗೌಹರ್ ಜಾನ್ ಕಥೆ ಹೇಳಿದೆವು. ಅವರು ಕೇಳಿ, "ಭಾಯ್, ಆಕೆಯ ಕಾಲದಲ್ಲಿ ತಟ್ಟೆ ಇದ್ದವನು ಮಾತ್ರ ಕೇಳುತ್ತಿದ್ದ. ಇವತ್ತು ಹೆಸರು ಹಾಕಿದರೆ ಯಾರ್ಯಾರೋ ಏನೇನೋ ಬರೆಯುತ್ತಾರೆ. ಅದನ್ನು ಓದಬೇಕಾದವನು ನಾನು" ಎಂದರು. ಆ ಭಯವನ್ನು ಸುಳ್ಳೆನ್ನಲು ನಮ್ಮಿಂದಾಗಲಿಲ್ಲ. ನಾವು ಇಷ್ಟೇ ಹೇಳಿದೆವು: "ಇವತ್ತು ಒಂದು ದನಿಯ ಚೂರು ಸಿಕ್ಕರೆ ಸಾಕು, ಯಂತ್ರವೇ ಅದೇ ದನಿಯಲ್ಲಿ ಬೇರೆ ಹಾಡು ಹಾಡುತ್ತದೆ. ಹೆಸರಿಲ್ಲದ ದನಿಯನ್ನು ಯಾರು ಬೇಕಾದರೂ ತಮ್ಮದೆನ್ನಬಹುದು." ಅವರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ವಿಡಿಯೊ ತೋರಿಸಿದ ದಿನ ಅವರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ನಾಲ್ಕು ನಿಮಿಷವೆಂದರೆ ಸೆಕೆಂಡಿಗೆ 25ರಂತೆ 6,000 ಚಿತ್ರಗಳು. ಆ ಬಳಿಕ ಕಪ್ಪು ತೆರೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಅವಳ ಹೆಸರು ಬಂತು. ಮೂರು ಸೆಕೆಂಡು ನಿಂತು ಹೋಯಿತು. ಹೊರಗೆ ಬರುವಾಗ ಅವರು ನಮ್ಮ ಪಕ್ಕದಲ್ಲೇ ನಡೆದು ಬಂದರು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಗೇಟಿನ ಬಳಿ ನಿಂತು ಒಂದೇ ಮಾತು ಕೇಳಿದರು: "ಉರ್ದುವಿನಲ್ಲಿ ಹೆಸರು ತಪ್ಪಿಲ್ಲದೆ ಬಂದಿತ್ತು. ಯಾರು ಬರೆದುಕೊಟ್ಟರು?"

ಅವಳೇ ಬರೆದದ್ದು ಎಂದೆವು.