ಪೊಲೀಸ್ ಶ್ವಾನಗಳ ಮರಣೋತ್ತರ ಗೌರವ

ಅಪರಾಧ ಶೋಧನೆ, ಸ್ಫೋಟಕಗಳ ಪತ್ತೆ, ಬಂದೋಬಸ್ತು, ಆಪದ್ರಕ್ಷಣೆ ಮೊದಲಾದ ಕಾರ್ಯಗಳಲ್ಲಿ ನಿಯುಕ್ತವಾಗಿದ್ದು, ಕರ್ತವ್ಯದ ನಡುವೆಯಾಗಲಿ ಸೇವಾವಧಿಯಲ್ಲಾಗಲಿ ಪ್ರಾಣಬಿಟ್ಟ ಶ್ವಾನಗಳಿಗೆ ಸರ್ಕಾರವೂ ಸಮಾಜವೂ ಸಲ್ಲಿಸುವ ಅಂತಿಮ ವಂದನೆ, ಸಮಾಧಿ, ಸ್ಮಾರಕ, ಪ್ರಶಸ್ತಿಪತ್ರ ಮುಂತಾದವೆಲ್ಲ ಈ ಗೌರವದಲ್ಲಿ ಅಡಕವಾಗುತ್ತವೆ. ಪೊಲೀಸ್ ಆಡಳಿತದ ಒಂದು ಆಚಾರವಾಗಿ ಇದು ಇಪ್ಪತ್ತನೆಯ ಶತಮಾನದ್ದೇ ಆದರೂ, ಒಡೆಯನ ಕಾರ್ಯದಲ್ಲಿ ಮಡಿದ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಆ ಕಲ್ಲಿಗೆ ಪೂಜೆ ನಡೆಯುವಂತೆ ಭೂಮಿಯನ್ನು ಬಿಟ್ಟುಕೊಡುವ ಸಂಪ್ರದಾಯವು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ಬಂದುದಾಗಿದೆ. ಆದುದರಿಂದ ಈ ವಿಷಯದ ಚರಿತ್ರೆಯನ್ನು ನಮ್ಮ ಶಾಸನಗಳಿಂದ ಆರಂಭಿಸುವುದೇ ಉಚಿತ.

ಶಾಸನಗಳ ಸಾಕ್ಷ್ಯ

ದಕ್ಷಿಣ ಭಾರತದಲ್ಲಿ ನಾಯಿಯ ಶೌರ್ಯವನ್ನು ಸ್ಮರಿಸುವ ಪ್ರಾಚೀನ ಶಿಲೆಗಳಲ್ಲಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನ ವೀರಗಲ್ಲು ಗಣನೀಯವಾದುದು. ಪಲ್ಲವ ದೊರೆ ಮಹೇಂದ್ರವರ್ಮನ ಆಳ್ವಿಕೆಯ 34ನೆಯ ವರ್ಷಕ್ಕೆ, ಎಂದರೆ ಕ್ರಿ.ಶ. ಏಳನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದ ಈ ಕಲ್ಲಿನಲ್ಲಿ ಮಡಿದ ವೀರನ ಜೊತೆಗೆ ಅವನ ನಾಯಿಯ ರೂಪವನ್ನೂ ಕಂಡರಿಸಿ, ಕೋವಿವನ್ ಎಂಬ ಆ ನಾಯಿ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ಬರೆಯಲಾಗಿದೆ. ಕಳ್ಳರನ್ನು ತಡೆಯುವ ಕಾರ್ಯವೇ ಇಲ್ಲಿ ಸ್ಮರಣೆಗೆ ಕಾರಣವಾದುದರಿಂದ, ಇಂದಿನ ಪೊಲೀಸ್ ಶ್ವಾನದ ಕುಲಕ್ಕೆ ಕೋವಿವನನ್ನು ಹಿರಿಯನೆಂದು ಭಾವಿಸಿದರೆ ಅದು ಅತಿಶಯೋಕ್ತಿಯಾಗಲಾರದು.

ಕನ್ನಡ ನಾಡಿನ ಪ್ರಮಾಣವು ಇದಕ್ಕಿಂತ ವಿಸ್ತಾರವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿರುವ ಶಿಲಾಶಾಸನವು ಶಕ ವರ್ಷ 872ರ, ಅಂದರೆ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಗಂಗರ ಇಮ್ಮಡಿ ಬೂತುಗನು ಅವನ ಪರವಾಗಿ ಕಾದಿ ಜಯಕ್ಕೆ ಕಾರಣನಾದನು. ಬೂತುಗನ ಸೇವಕನಾದ ಮಣಲೆರನು ಆ ರಣದಲ್ಲಿ ತೋರಿದ ಸಾಹಸಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ, ಅವನು ಭೂಮಿಯನ್ನಾಗಲಿ ಹೊನ್ನನ್ನಾಗಲಿ ಬಯಸದೆ ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು ಕೇಳಿ ಪಡೆದನು. ಅನಂತರ ಬೆಳತೂರಿನ ಪಡುವಣ ಬೆಟ್ಟದಲ್ಲಿ ಮಹಾವರಾಹವೊಂದರ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಪರಸ್ಪರ ಕಾದಾಡಿ ಒಡನೊಡನೆ ಸತ್ತುವು. ಇದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ವಿಧಿಸಲಾಯಿತು. ಶಿಲೆಯ ಮೇಲೆ ನಾಯಿ ಮತ್ತು ಹಂದಿಗಳ ಹೋರಾಟದ ಉಬ್ಬುಶಿಲ್ಪವೂ ಉಂಟು.

ಸಾಮ್ರಾಜ್ಯದ ಭವಿಷ್ಯವನ್ನು ನಿರ್ಣಯಿಸಿದ ಯುದ್ಧದ ವೃತ್ತಾಂತವೂ ಒಂದು ನಾಯಿಯ ಮರಣದ ವೃತ್ತಾಂತವೂ ಒಂದೇ ಕಲ್ಲಿನಲ್ಲಿ, ಒಂದೇ ಗಾಂಭೀರ್ಯದಿಂದ ನಿರೂಪಿತವಾಗಿರುವುದು ಆತಕೂರು ಶಾಸನದ ವಿಶೇಷ. ಅದರಲ್ಲಿ ಗೌರವದ ಮೂರು ಅಂಗಗಳು ಸ್ಪಷ್ಟವಾಗಿ ಗೋಚರಿಸುತ್ತವೆ: ನಾಯಿಯ ಹೆಸರು, ಅದು ಮಾಡಿದ ಕಾರ್ಯ, ಸ್ಮರಣೆಯು ಮುಂದಿನ ಕಾಲಕ್ಕೂ ನಡೆಯುವಂತೆ ಕಲ್ಪಿಸಿದ ಜೀವನೋಪಾಯ. ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಜೋಳವಾಳಿಯ ಧರ್ಮವನ್ನು ಭಟರಲ್ಲಿ ಕೊಂಡಾಡಿದ ಆ ಯುಗವು ಅದೇ ಧರ್ಮವನ್ನು ನಾಯಿಯಲ್ಲಿಯೂ ಕಂಡು, ಅದಕ್ಕೂ ಅದೇ ಮನ್ನಣೆಯನ್ನು ನೀಡಿತೆಂಬುದು ಇದರಿಂದ ವಿದಿತವಾಗುತ್ತದೆ.

ವಿಜಯಪುರ ಸೀಮೆಯ ಹಿನ್ನೆಲೆ

ತಕ್ಕೋಲದ ಜಯಕ್ಕಾಗಿ ಬೂತುಗನಿಗೆ ದೊರೆತ ನಾಡುಗಳನ್ನು ಎಣಿಸುವಾಗ ಆತಕೂರು ಶಾಸನವು ಬನವಾಸಿ, ಬೆಳ್ವೊಲ, ಪುರಿಗೆರೆಗಳ ಜೊತೆಗೆ ಪಟ್ಟದಕಲ್ಲಿನ ಪರಿಸರದ ಕಿಸುಕಾಡು ಎಪ್ಪತ್ತನ್ನೂ, ಬಾಗಲಕೋಟೆಯ ಪರಿಸರದ ಬಾಗೆನಾಡು ಎಪ್ಪತ್ತನ್ನೂ ಹೆಸರಿಸುತ್ತದೆ. ಹೀಗೆ ಕಾವೇರಿಯ ಕಡೆಯ ಆ ಕಲ್ಲು ಕೃಷ್ಣಾ ತೀರದ ವಿಜಯಪುರ-ಬಾಗಲಕೋಟೆಗಳ ಸೀಮೆಯನ್ನೂ ಸ್ಮರಿಸುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಸುತ್ತಣ ಪ್ರದೇಶವು ಆಗ ಭೀಮಾತೀರದ ತದ್ದೇವಾಡಿಯಿಂದ ಹೆಸರು ಪಡೆದ ತರ್ದವಾಡಿ ಸಾಸಿರವೆಂಬ ನಾಡಾಗಿದ್ದಿತು. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂದು, ದಯೆಯೇ ಧರ್ಮದ ಮೂಲವೆಂದು ಸಾರಿದ ಬಸವಣ್ಣನವರು ಜನಿಸಿದ ಬಾಗೇವಾಡಿಯ ಸೀಮೆಯಲ್ಲಿ, ಮೂಕಪ್ರಾಣಿಯ ಸೇವೆಗೆ ಕೃತಜ್ಞತೆ ಸಲ್ಲಿಸುವ ಮಾತು ಯಾರಿಗೂ ಹೊಸದಾಗಿ ತೋರದು.

ಜನಪದ ಜೀವನದಲ್ಲಿಯೂ ಇದಕ್ಕೆ ಆಧಾರಗಳುಂಟು. ಉತ್ತರ ಕರ್ನಾಟಕದ ಕುರುಬರು ಕುರಿಹಿಂಡಿನೊಡನೆ ಎರೆಹೊಲಗಳಲ್ಲಿ ತಂಗುವಾಗ ರಾತ್ರಿಯ ಕಾವಲು ನಾಯಿಗಳದೇ ಆಗಿರುತ್ತದೆ. ತೋಳ ಬಂದಾಗ ಮೊದಲು ಮೈಯೊಡ್ಡುವುದೂ ಅವೇ. ಅವರು ನಡೆದುಕೊಳ್ಳುವ ಮೈಲಾರಲಿಂಗನ ಪರಿವಾರದಲ್ಲಿ ನಾಯಿಗೆ ಮಾನ್ಯ ಸ್ಥಾನವಿದ್ದು, ಮೈಲಾರನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ದೋಣಿಯೆಂಬ ಪಾತ್ರೆಯಲ್ಲಿ ಪ್ರಸಾದವನ್ನು ಸ್ವೀಕರಿಸುವ ಸೇವೆಯನ್ನು ನಡೆಸುತ್ತಾರೆ.

ಈ ಭಾಗದ ನಾಯಿಗಳಲ್ಲಿ ಮುಧೋಳ ತಳಿಯ ಕೀರ್ತಿ ದೊಡ್ಡದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಪ್ರತ್ಯೇಕವಾಗುವವರೆಗೆ ಮುಧೋಳವೂ ಬಸವನ ಬಾಗೇವಾಡಿಯೂ ಒಂದೇ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ನೀಳವಾದ ಮುಖ, ಕೃಶವಾದ ನಡು, ತೀಕ್ಷ್ಣವಾದ ದೃಷ್ಟಿ, ಮಿಂಚಿನ ವೇಗಗಳುಳ್ಳ ಈ ಬೇಟೆನಾಯಿಯನ್ನು ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ, ಒಂದು ಜೋಡಿಯನ್ನು ಬ್ರಿಟಿಷ್ ಚಕ್ರವರ್ತಿ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಒಪ್ಪಿಸಿದರು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆಯು ಈ ತಳಿಯ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, 2016ರಲ್ಲಿ ಇಲ್ಲಿಯ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರವನ್ನು ಸೇರಿದುವು.

ಶ್ವಾನದಳಗಳ ಉದಯ

ಪೊಲೀಸ್ ಕಾರ್ಯಕ್ಕಾಗಿ ನಾಯಿಗಳನ್ನು ಕ್ರಮಬದ್ಧವಾಗಿ ತರಬೇತುಗೊಳಿಸುವ ಪದ್ಧತಿಯು 1899ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಮೊದಲಾಯಿತು. ಭಾರತದಲ್ಲಿ 1951ರಲ್ಲಿ ಮದರಾಸಿನಲ್ಲಿಯೂ, 1959ರ ಡಿಸೆಂಬರಿನಲ್ಲಿ ಮೂರು ಡಾಬರ್‌ಮನ್ ನಾಯಿಗಳೊಡನೆ ಮುಂಬಯಿಯಲ್ಲಿಯೂ ಪೊಲೀಸ್ ಶ್ವಾನದಳಗಳು ಸ್ಥಾಪಿತವಾದುವು. ಕರ್ನಾಟಕದಲ್ಲಿ 1960ರ ದಶಕದ ಕೊನೆಯ ಭಾಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಳವು ಆಡುಗೋಡಿಯ ಸಶಸ್ತ್ರ ಮೀಸಲು ಪಡೆಯ ಆವರಣದಲ್ಲಿ ಬೆಳೆದು, ಕಾಲಕ್ರಮದಲ್ಲಿ ಜಿಲ್ಲೆಗಳಿಗೂ ಹಬ್ಬಿತು. ಜಿಲ್ಲೆಯ ದಳವು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ ಸಶಸ್ತ್ರ ಮೀಸಲು ಪಡೆಗೆ ಹೊಂದಿಕೊಂಡಿರುವುದರಿಂದ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಮೊದಲಾದ ತಾಲ್ಲೂಕುಗಳಲ್ಲಿ ಕೊಲೆಯೋ ದೊಡ್ಡ ಕಳವೋ ನಡೆದಾಗ ನಾಯಿಗಳು ವಿಜಯಪುರದಿಂದ ಬರಬೇಕಾಗುತ್ತದೆ. ಅವು ಬರುವವರೆಗೆ ಸ್ಥಳವನ್ನು ಯಾರೂ ತುಳಿಯದಂತೆ ಠಾಣೆಯ ಸಿಬ್ಬಂದಿ ಕಾಯುತ್ತಾರೆ.

ದಳದ ನಾಯಿಗಳಲ್ಲಿ ಕೆಲವು ಅಪರಾಧಿಯ ವಾಸನೆಯ ಜಾಡನ್ನು ಹಿಡಿಯುವುದರಲ್ಲಿ, ಕೆಲವು ಸ್ಫೋಟಕಗಳನ್ನು ಗುರುತಿಸುವುದರಲ್ಲಿ, ಮತ್ತೆ ಕೆಲವು ಮಾದಕ ದ್ರವ್ಯಗಳನ್ನು ಶೋಧಿಸುವುದರಲ್ಲಿ ಪಳಗಿರುತ್ತವೆ. ಡಾಬರ್‌ಮನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಈಚೆಗೆ ಬೆಲ್ಜಿಯನ್ ಮಲಿನ್ವಾ ತಳಿಗಳು ಹೆಚ್ಚು ಬಳಕೆಯಲ್ಲಿವೆ. ಪ್ರತಿ ನಾಯಿಗೂ ನಿಯತನಾದ ಪೊಲೀಸನೊಬ್ಬನು ಹ್ಯಾಂಡ್ಲರ್ ಎಂಬ ಹೆಸರಿನಿಂದ ಅದರ ಊಟ, ಮೈತೊಳೆತ, ಅಭ್ಯಾಸ, ಔಷಧೋಪಚಾರಗಳೆಲ್ಲವನ್ನೂ ವಹಿಸಿಕೊಂಡಿರುತ್ತಾನೆ. ವರ್ಷಗಟ್ಟಲೆ ಒಬ್ಬನ ಧ್ವನಿಯನ್ನೇ ಅನುಸರಿಸಿ ನಡೆದ ನಾಯಿಯು ಸತ್ತಾಗ ಅವನಿಗಾಗುವ ದುಃಖವು ಬಂಧುವಿಯೋಗಕ್ಕಿಂತ ಕಡಿಮೆಯಾದುದಲ್ಲ. ಶ್ವಾನಗೌರವದ ಆಚಾರಗಳಿಗೆಲ್ಲ ಮೂಲಪ್ರೇರಣೆಯಾಗಿರುವುದು ಈ ಬಾಂಧವ್ಯವೇ ಎನ್ನಬಹುದು.

ಅಂತಿಮ ವಂದನೆಯ ವಿಧಿ

ಕರ್ನಾಟಕವೇ ಮೊದಲಾದ ರಾಜ್ಯಗಳಲ್ಲಿ ರೂಢಿಯಾಗಿರುವ ವಿಧಿಯು ಸಾಮಾನ್ಯವಾಗಿ ಹೀಗಿರುತ್ತದೆ: ಮೃತ ಶ್ವಾನದ ದೇಹವನ್ನು ಮೀಸಲು ಪಡೆಯ ಮೈದಾನದಲ್ಲಿ ಇರಿಸಿ ಹೂವಿನಿಂದ ಅಲಂಕರಿಸುತ್ತಾರೆ, ಜಿಲ್ಲೆಯ ಹಿರಿಯ ಅಧಿಕಾರಿಗಳೂ ಹ್ಯಾಂಡ್ಲರನೂ ಸಹೋದ್ಯೋಗಿಗಳೂ ಪುಷ್ಪಗುಚ್ಛವಿರಿಸಿ ವಂದಿಸುತ್ತಾರೆ, ಸಶಸ್ತ್ರ ತುಕಡಿಯು ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸಿದ ಮೇಲೆ ದೇಹವನ್ನು ಮಣ್ಣುಮಾಡುತ್ತಾರೆ. ಕರ್ತವ್ಯದಲ್ಲಿ ಮಡಿದವುಗಳಿಗಷ್ಟೇ ಅಲ್ಲದೆ, ದೀರ್ಘ ಸೇವೆಯ ಬಳಿಕ ರೋಗದಿಂದ ತೀರಿಕೊಂಡವುಗಳಿಗೂ ಈ ಮರ್ಯಾದೆ ಸಲ್ಲುವುದುಂಟು.

ಇಂಥ ಗೌರವಕ್ಕೆ ಪಾತ್ರವಾದವುಗಳಲ್ಲಿ ಮುಂಬಯಿ ಪೊಲೀಸರ ಜಂಜೀರ್ ಎಂಬ ಲ್ಯಾಬ್ರಡಾರ್ ಸುಪ್ರಸಿದ್ಧವಾದುದು. 1993ರ ಮಾರ್ಚ್ 12ರ ಸರಣಿ ಸ್ಫೋಟಗಳ ನಂತರ ಅದು 3,329 ಕಿಲೋಗ್ರಾಂ ಆರ್‌ಡಿಎಕ್ಸ್ ಸ್ಫೋಟಕವನ್ನೂ ನೂರಾರು ಡಿಟೋನೇಟರು ಹಾಗೂ ಕೈಬಾಂಬುಗಳನ್ನೂ ಪತ್ತೆಹಚ್ಚಿ ಅಸಂಖ್ಯ ಜೀವಗಳನ್ನು ಉಳಿಸಿತು. 2000ದ ನವೆಂಬರಿನಲ್ಲಿ ಅದು ವ್ಯಾಧಿಯಿಂದ ಮೃತವಾದಾಗ ಸಕಲ ಗೌರವಗಳೊಡನೆ ಸಮಾಧಿ ಮಾಡಲಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಪೊಲೀಸ್ ನಾಯಿ ರಾಕಿಗೆ 2020ರಲ್ಲಿ ಸಂದ ಅಂತಿಮ ಗೌರವವನ್ನು ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಪ್ರಸ್ತಾಪಿಸಿದರು. ಅದೇ ಭಾಷಣದಲ್ಲಿ ಮುಧೋಳ ತಳಿಯ ಉಲ್ಲೇಖವೂ ಬಂದಿತು.

ಕರ್ನಾಟಕದಲ್ಲಿ ದಾವಣಗೆರೆಯ ತುಂಗಾ ಎಂಬ ಹೆಣ್ಣು ಡಾಬರ್‌ಮನ್ ಜನಮನ್ನಣೆ ಪಡೆಯಿತು. 2020ರ ಜುಲೈಯಲ್ಲಿ ಸೂಳೆಕೆರೆಯ ಬಳಿ ನಡೆದ ಕೊಲೆಯೊಂದರ ತನಿಖೆಯಲ್ಲಿ ಅದು ಹತ್ತು ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಓಡಿ, ಆರೋಪಿಯ ಸುಳಿವನ್ನು ತೋರಿಸಿತು. ಆಗ ರಾಜ್ಯದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ದಾವಣಗೆರೆಗೆ ಬಂದು ಅದಕ್ಕೆ ಹಾರಹಾಕಿ ಸನ್ಮಾನಿಸಿದರು. 2022ರಲ್ಲಿ ತುಂಗಾ ಮರಣಹೊಂದಿದಾಗ ಜಿಲ್ಲೆಯ ಪೊಲೀಸರಷ್ಟೇ ಅಲ್ಲದೆ ಸಾರ್ವಜನಿಕರೂ ಶೋಕಿಸಿದರು. ಬದುಕಿದ್ದಾಗಲೇ ಸನ್ಮಾನವನ್ನು ಕಂಡ ಭಾಗ್ಯ ಅದರದಾಯಿತು.

ಕರ್ತವ್ಯದಲ್ಲಿ ಮಡಿದವುಗಳಿಗೆ ರಾಷ್ಟ್ರದ ಮನ್ನಣೆ

ಶತ್ರುವಿನ ಗುಂಡಿಗೆ ಎದೆಯೊಡ್ಡಿದ ಶ್ವಾನಗಳಿಗೆ ಭಾರತ ಸರ್ಕಾರವು ಮರಣೋತ್ತರವಾಗಿ ಲಿಖಿತ ಮನ್ನಣೆಯನ್ನು ನೀಡುವ ಕ್ರಮವು ಸೇನೆಯಿಂದ ಮೊದಲಾಯಿತು. 2015ರ ಆಗಸ್ಟಿನಲ್ಲಿ ಕಾಶ್ಮೀರದ ಕುಪ್ವಾರಾ ಜಿಲ್ಲೆಯಲ್ಲಿ ಗಡಿ ನುಸುಳುತ್ತಿದ್ದವರನ್ನು ಪತ್ತೆಹಚ್ಚಿದ ಮಾನಸಿ ಎಂಬ ಲ್ಯಾಬ್ರಡಾರ್ ತನ್ನ ಹ್ಯಾಂಡ್ಲರನೊಡನೆ ವೀರಮರಣವನ್ನಪ್ಪಿದಾಗ, ಅದರ ಹೆಸರು ಭಾರತದ ರಾಜಪತ್ರದಲ್ಲಿ ಪ್ರಕಟವಾಯಿತು. ಈ ಗೌರವವನ್ನು ಪಡೆದ ಪ್ರಥಮ ಸೇನಾಶ್ವಾನ ಅದು. 2022ರ ಜುಲೈಯಲ್ಲಿ ಬಾರಾಮುಲ್ಲಾದಲ್ಲಿ ಮಡಿದ ಆಕ್ಸೆಲ್, ಅದೇ ವರ್ಷದ ಅಕ್ಟೋಬರಿನಲ್ಲಿ ಅನಂತನಾಗದಲ್ಲಿ ಎರಡು ಗುಂಡೇಟುಗಳನ್ನು ತಿಂದೂ ಹಿಮ್ಮೆಟ್ಟದೆ ಹೋರಾಡಿ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ ಜೂಮ್, 2023ರ ಸೆಪ್ಟೆಂಬರಿನಲ್ಲಿ ರಜೌರಿಯಲ್ಲಿ ಹ್ಯಾಂಡ್ಲರನನ್ನು ಕಾಪಾಡುತ್ತ ಸತ್ತ ಕೆಂಟ್ ಇವೂ ಈ ಪಂಕ್ತಿಯಲ್ಲಿ ಸೇರಿದುವು.

ಅರೆಸೇನಾ ಪೊಲೀಸ್ ಪಡೆಗಳಲ್ಲಿ ಕರ್ನಾಟಕದೊಡನೆ ನೇರ ಸಂಬಂಧವುಳ್ಳುದು ರೋಲೋ ಎಂಬ ಬೆಲ್ಜಿಯನ್ ಮಲಿನ್ವಾದ ವೃತ್ತಾಂತ. ಬೆಂಗಳೂರಿನ ಬಳಿಯ ತರಳುವಿನಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನ ಸಂವರ್ಧನ ಮತ್ತು ತರಬೇತಿ ಶಾಲೆಯಲ್ಲಿ ಪಳಗಿದ ಈ ಎರಡು ವರ್ಷದ ನಾಯಿಯು 2025ರ ಏಪ್ರಿಲಿನಲ್ಲಿ ಛತ್ತೀಸಗಢ ಮತ್ತು ತೆಲಂಗಾಣಗಳ ಗಡಿಯ ಕರ್ರೆಗುಟ್ಟ ಬೆಟ್ಟಗಳಲ್ಲಿ ನಕ್ಸಲರ ವಿರುದ್ಧ ನಡೆದ ಕಾರ್ಯಾಚರಣೆಯಲ್ಲಿ ಸ್ಫೋಟಕಗಳನ್ನು ಶೋಧಿಸುತ್ತಿದ್ದಾಗ ಹೆಜ್ಜೇನುಗಳ ದಾಳಿಗೆ ಸಿಕ್ಕಿ, ಸಂಗಡಿಗರ ಪ್ರಯತ್ನಗಳು ಫಲಿಸದೆ ಅಸುನೀಗಿತು. ಪಡೆಯ ಮಹಾನಿರ್ದೇಶಕರು ಅದಕ್ಕೆ ಮರಣೋತ್ತರ ಪ್ರಶಂಸಾಪತ್ರವನ್ನು ಘೋಷಿಸಿದರು. ಗುಂಡಿನಿಂದಲೇ ಆಗಲಿ, ಕಾಡಿನ ಕಷ್ಟದಿಂದಲೇ ಆಗಲಿ, ಕರ್ತವ್ಯದ ಸ್ಥಳದಲ್ಲಿ ಒದಗಿದ ಮರಣಕ್ಕೆ ಸಮಾನವಾದ ಗೌರವವಿರಬೇಕೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಮರಿಯಾ ಡಿಕಿನ್ ಅವರ ಹೆಸರಿನಲ್ಲಿ 1943ರಿಂದ ಯುದ್ಧ ಮತ್ತು ಸಂಘರ್ಷಗಳಲ್ಲಿ ಧೈರ್ಯ ತೋರಿದ ಪ್ರಾಣಿಗಳಿಗೆ ಪದಕವನ್ನು ನೀಡಲಾಗುತ್ತಿದೆ. 2015ರ ನವೆಂಬರ್ 18ರಂದು ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ ಭಯೋತ್ಪಾದಕರ ಅಡಗುತಾಣದೊಳಕ್ಕೆ ಮುನ್ನುಗ್ಗಿ ಮಡಿದ ಫ್ರೆಂಚ್ ಪೊಲೀಸ್ ನಾಯಿ ಡೀಸೆಲ್‌ಗೆ ಈ ಪದಕ ಸಂದಿತು. ಕೇಂದ್ರ ಸರ್ಕಾರದ ಸಂಸ್ಥೆಗಳ ಸೇವೆಯಲ್ಲಿರುವ ಪೊಲೀಸ್ ನಾಯಿಗೆ ಹಿಂಸೆಮಾಡುವುದನ್ನು ಅಮೆರಿಕವು 2000ದ ಕಾನೂನಿನಿಂದ ಫೆಡರಲ್ ಅಪರಾಧವೆಂದು ಸಾರಿತು. ಇಂಗ್ಲೆಂಡಿನಲ್ಲಿ ಫಿನ್ ಎಂಬ ಗಾಯಗೊಂಡ ಪೊಲೀಸ್ ನಾಯಿಯ ಹೆಸರಿನಿಂದ ಖ್ಯಾತವಾದ ಶಾಸನವು 2019ರಲ್ಲಿ ಜಾರಿಗೆ ಬಂದು, ಇಂಥ ಪ್ರಾಣಿಗಳ ರಕ್ಷಣೆಯನ್ನು ಬಲಪಡಿಸಿತು. ಸತ್ತ ಮೇಲಿನ ಗೌರವವು ಹೀಗೆ ಬದುಕಿರುವವುಗಳ ಸಂರಕ್ಷಣೆಯ ನಿಯಮವಾಗಿ ಪರಿಣಮಿಸಿದುದು ಸ್ತುತ್ಯವಾದುದು.

ಪರಂಪರೆಯ ಅರ್ಥ

ಭಾರತದಲ್ಲಿ ಕೇಂದ್ರ ಗೃಹ ಸಚಿವಾಲಯವು 2019ರಲ್ಲಿ ಪೊಲೀಸ್ ಶ್ವಾನಗಳಿಗಾಗಿಯೇ ವಿಶೇಷ ಘಟಕವೊಂದನ್ನು ತೆರೆದುದರಿಂದ ತಳಿ, ತರಬೇತಿ, ಆರೈಕೆಗಳ ವಿಷಯದಲ್ಲಿ ಏಕರೂಪತೆಯನ್ನು ತರುವ ಯತ್ನಕ್ಕೆ ಚಾಲನೆ ದೊರೆತಿದೆ. ಆದರೆ ಗೌರವವೆಂಬುದು ಗುಂಡು ಹಾರಿಸಿದ ಆ ಒಂದು ಗಳಿಗೆಗೆ ಮುಗಿಯತಕ್ಕುದಲ್ಲ. ಪ್ರತಿ ಜಿಲ್ಲೆಯ ದಳವೂ ತನ್ನ ನಾಯಿಗಳ ಹೆಸರನ್ನೂ ಅವು ಸಾಧಿಸಿದ ಕಾರ್ಯವನ್ನೂ ದಾಖಲೆಯಲ್ಲಿ ಉಳಿಸಿ, ಸಮಾಧಿಯ ಮೇಲೆ ಹೆಸರುಳ್ಳ ಕಲ್ಲನ್ನು ನಿಲ್ಲಿಸಿ, ವಯಸ್ಸಾಗಿ ಸೇವೆಯಿಂದ ಬಿಡುಗಡೆ ಹೊಂದಿದ ನಾಯಿಗಳ ಅನ್ನಕ್ಕೂ ಔಷಧಕ್ಕೂ ಶಾಶ್ವತವಾದ ಏರ್ಪಾಡನ್ನು ಮಾಡಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಹತ್ತನೆಯ ಶತಮಾನದ ಕನ್ನಡಿಗರು ಕಾಳಿಯೆಂಬ ಬೇಟೆನಾಯಿಗೆ ಇಷ್ಟನ್ನು ಮಾಡಬಲ್ಲವರಾಗಿದ್ದರು. ಇಂದು ಹಳ್ಳಿಹಳ್ಳಿಗಳ ನೆಮ್ಮದಿಗಾಗಿ ದುಡಿಯುವ ಪೊಲೀಸ್ ಶ್ವಾನಗಳ ವಿಷಯದಲ್ಲಿ ಅದಕ್ಕಿಂತ ಕಡಿಮೆಯಾದುದನ್ನು ಮಾಡುವುದು ನಮ್ಮ ನಾಡಿನ ಪರಂಪರೆಗೆ ಒಪ್ಪತಕ್ಕುದಲ್ಲ.