ಹಾವುಮೀನಿನ ಮರಿ ಏನು ತಿನ್ನುತ್ತೆ?

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬಾಂಗಡೆ ತರೋಣ ಅಂತ ಕಲ್ಯಾಣದ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಒಬ್ಬ ಮಾವಶಿಯ ಬುಟ್ಟಿಯಲ್ಲಿ ಉದ್ದುದ್ದ ವಾಮ್ ಮಲಗಿತ್ತು. ನಮ್ಮ ಕಡೆ ಹಾವುಮೀನು ಅಂತೀವಲ್ಲ, ಅದೇ ಬಳಗ. "ಇದು ಹೊಳೆಯದ್ದಾ ಮಾವಶೀ, ಸಮುದ್ರದ್ದಾ?" ಅಂತ ಕೇಳಿದೆ. "ಸಮುದ್ರದ್ದೇ ಭಾವು. ಈಗ ಹೊಳೆ ಮೀನು ಯಾರು ತಿಂತಾರೆ? ಹೊಳೆ ನೋಡಿದೀರಾ?" ಅಂದಳು.

ನೋಡಿದೀನಿ. ಮೂವತ್ತು ವರ್ಷಕ್ಕೂ ಮೇಲೆ ಉಲ್ಹಾಸನಗರದಲ್ಲಿ ಇರೋನು, ವಾಲಧುನಿಯನ್ನು ನೋಡದೇ ಇರೋಕೆ ಆಗುತ್ತಾ? ಮೂಗು ಮುಚ್ಚಿಕೊಂಡೇ ನೋಡಿದೀನಿ.

ಮನೆಗೆ ಬಂದ ಮೇಲೆ ಅಜ್ಜಿ ನೆನಪಾದಳು. ನಮ್ಮದು ಹೊನ್ನಾವರದ ಹತ್ತಿರ ಶರಾವತಿ ದಂಡೆಯ ಊರು. ಹೊಳೆಯಲ್ಲಿ ಹಾವುಮೀನು ಸಿಗುತ್ತಿತ್ತು, ಆದರೆ ಅದರ ಹೊಟ್ಟೆಯಲ್ಲಿ ಮೊಟ್ಟೆ ಕಂಡವರೇ ಇರಲಿಲ್ಲ. ಅಜ್ಜಿ ಹೇಳೋಳು: "ಅದು ಕೆಸರಲ್ಲೇ ಹುಟ್ಟೋದು ಮಗಾ, ಅದಕ್ಕೆ ಅಪ್ಪ ಅಮ್ಮ ಇಲ್ಲ." ನಾವು ದೊಡ್ಡವರಾದ ಮೇಲೆ ಅದನ್ನು ಹೇಳಿಕೊಂಡು ನಕ್ಕಿದ್ದುಂಟು. ನಗಬಾರದಿತ್ತು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಮಹಾಶಯ ಬರೆದಿಟ್ಟಿದ್ದೂ ಹೆಚ್ಚುಕಮ್ಮಿ ಅದೇ! ಮೊಟ್ಟೆಯಿಲ್ಲ, ಗಂಡು ಹೆಣ್ಣಿಲ್ಲ, ನೆಲದ ಕೆಸರಿಂದಲೇ ಹುಟ್ಟುತ್ತೆ ಅಂತ.

ಅಲ್ಲಿಂದ ಮುಂದಿನ ಕಥೆ ಸ್ವಾರಸ್ಯವಾಗಿದೆ. ಹೆಣ್ಣಿನ ಅಂಡಾಶಯವನ್ನು ಇಟಲಿಯ ಮೊಂದೀನಿ ಎಂಬುವವರು ಗುರುತಿಸಿದ್ದು 1777ರಲ್ಲಿ. ಗಂಡನ್ನು ಹುಡುಕೋದಕ್ಕೆ ಇನ್ನೂ ನೂರು ವರ್ಷ ಬೇಕಾಯ್ತು. 1876ರಲ್ಲಿ ವಿಯೆನ್ನಾದ ಒಬ್ಬ ವಿದ್ಯಾರ್ಥಿಯನ್ನು ಈ ಕೆಲಸಕ್ಕೇ ಅಂತ ಟ್ರಿಯೆಸ್ಟ್ ಬಂದರಿಗೆ ಕಳಿಸಿದರು. ಪಾಪ, ಆ ಹುಡುಗ ಸುಮಾರು ನಾನೂರು ಹಾವುಮೀನು ಕೊಯ್ದು ನೋಡಿದ, ಖಚಿತ ಉತ್ತರ ಸಿಗಲಿಲ್ಲ. ಮುಂದೆ ಆತ ಮೀನು ಬಿಟ್ಟು ಮನುಷ್ಯರ ಮನಸ್ಸು ಬಗೆಯಲು ಹೊರಟ. ಹೆಸರು ಸಿಗ್ಮಂಡ್ ಫ್ರಾಯ್ಡ್.

ಇನ್ನು ಮರಿಯ ವಿಚಾರ. ಸಮುದ್ರದಲ್ಲಿ ಬೇವಿನ ಎಲೆಯ ಹಾಗೆ ಚಪ್ಪಟೆಯಾದ, ಗಾಜಿನಂತೆ ಆಚೆಯದೆಲ್ಲ ಕಾಣುವ ಒಂದು ಪುಟ್ಟ ಜೀವಿ ಸಿಗುತ್ತಿತ್ತು. 1856ರಲ್ಲಿ ಕೌಪ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಬೇರೆಯೇ ಮೀನು ಅಂತ ತಿಳಿದು ಬೇರೆ ಹೆಸರಿಟ್ಟರು. ನಲವತ್ತು ವರ್ಷದ ನಂತರ, 1896ರಲ್ಲಿ, ಇಟಲಿಯ ಗ್ರಾಸಿ ಮತ್ತು ಕಲಂದ್ರೂಚ್ಚೊ ಅದು ಹಾವುಮೀನಿನ ಮರಿಯೇ ಅಂತ ತೋರಿಸಿಕೊಟ್ಟರು.

ಸರಿ, ಮರಿ ಸಮುದ್ರದ್ದು. ಆದರೆ ಯಾವ ಸಮುದ್ರ? ಡೆನ್ಮಾರ್ಕಿನ ಯೊಹಾನ್ನೆಸ್ ಶ್ಮಿಟ್ 1904ರಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ ಒಂದು ಮರಿ ಹಿಡಿದರು. ಅವರ ಲೆಕ್ಕ ನಮ್ಮ ಊರಿನವರೂ ಹಾಕಬಹುದಾದ ಲೆಕ್ಕ. ಮರಿ ಚಿಕ್ಕದಾದಷ್ಟೂ ತೊಟ್ಟಿಲು ಹತ್ತಿರ. ವರ್ಷಗಟ್ಟಲೆ ಅಟ್ಲಾಂಟಿಕ್ಕಿನಲ್ಲಿ ಬಲೆ ಎಳೆಯುತ್ತಾ, ಚಿಕ್ಕದು, ಇನ್ನೂ ಚಿಕ್ಕದು ಅಂತ ಬೆನ್ನು ಹತ್ತಿ, ಕೊನೆಗೆ ಅಮೆರಿಕದ ಕಡೆಗಿನ ಸಾರ್ಗಾಸೊ ಸಮುದ್ರಕ್ಕೆ ಮುಟ್ಟಿದರು. 1922ರಲ್ಲಿ ಪ್ರಕಟಿಸಿದರು. ಯುರೋಪಿನ ಹೊಳೆ, ಕೆರೆಗಳ ಹಾವುಮೀನೆಲ್ಲ ಹುಟ್ಟೋದು ಸಾವಿರಾರು ಕಿಲೋಮೀಟರ್ ಆಚೆ! ತಮಾಷೆ ಅಂದರೆ, ಅವು ಮೊಟ್ಟೆ ಇಡುವುದನ್ನು ಇವತ್ತಿನವರೆಗೂ ಯಾರೂ ಕಣ್ಣಾರೆ ಕಂಡಿಲ್ಲ. ದೊಡ್ಡ ಮೀನುಗಳು ಅಲ್ಲಿಗೆ ಹೋಗಿ ಮುಟ್ಟುತ್ತವೆ ಅನ್ನೋದಕ್ಕೆ ನೇರ ಸಾಕ್ಷಿ ಪ್ರಕಟವಾದದ್ದೇ 2022ರಲ್ಲಿ. ಉಪಗ್ರಹಕ್ಕೆ ಸುದ್ದಿ ಕಳಿಸುವ ಸಾಧನ ಕಟ್ಟಿ ಅಜೋರ್ಸ್ ದ್ವೀಪಗಳಿಂದ ಬಿಟ್ಟು ನೋಡಿದರು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಆ ಗಾಜಿನ ಎಲೆಗೆ ಹಲ್ಲುಗಳಿವೆ, ಎಲ್ಲ ಮುಂದಕ್ಕೆ ಚಾಚಿಕೊಂಡ ಹಲ್ಲು. ಹೊಟ್ಟೆ ಬಗೆದರೆ ಗುರುತು ಹಿಡಿಯುವಂಥದ್ದು ಏನೂ ಇಲ್ಲ. ಹಾಗಾಗಿ ನೀರಿನಲ್ಲಿ ಕರಗಿದ ಸತ್ವವನ್ನು ಚರ್ಮದಿಂದಲೇ ಹೀರುತ್ತೆ ಅಂತ ಕೆಲವರು ವಾದಿಸಿದರು. 1990ರ ದಶಕದಲ್ಲಿ ಜಪಾನಿನವರು ಬೇರೆ ಉತ್ತರ ಕೊಟ್ಟರು. ಸಮುದ್ರದ ಮೇಲ್ಪದರದಿಂದ ಸದಾ ಒಂದು ಬಗೆಯ ಹಿಮ ಉದುರುತ್ತಿರುತ್ತೆ. ಸತ್ತ ಸೂಕ್ಷ್ಮಜೀವಿ, ಪುಟ್ಟ ಪ್ರಾಣಿಗಳು ಕಳಚಿ ಬಿಟ್ಟ ಲೋಳೆಯ ಗೂಡು, ಹಿಕ್ಕೆ, ಎಲ್ಲ ಸೇರಿ ಹೆಪ್ಪುಗಟ್ಟಿದ ಚೂರುಗಳು. ಮರಿ ತಿನ್ನೋದು ಅದನ್ನೇ. ಮೇಲಿನವರು ಬಿಸಾಕಿದ್ದನ್ನು!

ಜಪಾನಿನವರಿಗೆ ಈ ಕುತೂಹಲ ಯಾಕೆ ಅಂದರೆ ಅವರಿಗೆ ಹಾವುಮೀನು ಅಂದರೆ ಪ್ರಾಣ. 1973ರಲ್ಲೇ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಮೊಟ್ಟೆ ಒಡೆಸಿ ಮರಿ ಮಾಡಿದರು. ಆದರೆ ಮರಿಗೆ ಏನು ಕೊಟ್ಟರೂ ಒಗ್ಗದು, ಕೆಲವೇ ದಿನಗಳಲ್ಲಿ ಸಾಯೋದು. ಕೊನೆಗೆ ಶಾರ್ಕ್ ಮೊಟ್ಟೆಯ ಪುಡಿ ಕಲಸಿ ಗಂಜಿಯ ಹಾಗೆ ಕೊಟ್ಟಾಗ ತಿಂದಿತು. ಒಂದು ಸುತ್ತು ಪೂರ್ತಿಯಾಗಿ, ಸಾಕಿದ ಮೀನಿಗೇ ಮರಿಯಾಗಿದ್ದು 2010ರಲ್ಲಿ. ಮರಿಗೆ ಊಟ ಕೊಡೋದನ್ನು ಕಲಿಯಲು ಇಷ್ಟು ವರ್ಷ!

ಮುಂದಿನದು ನನಗೆ ತೀರಾ ಹತ್ತಿರದ್ದು ಅನ್ನಿಸುತ್ತೆ. ದಡ ಹತ್ತಿರವಾದಾಗ ಆ ಎಲೆ ಊಟ ನಿಲ್ಲಿಸಿಬಿಡುತ್ತೆ. ಹಲ್ಲು ಉದುರುತ್ತವೆ, ಮೈ ಕುಗ್ಗಿ ಗಾಜಿನ ದಾರದಂತಾಗುತ್ತೆ. ಉಪವಾಸದಲ್ಲೇ ಹೊಳೆಬಾಯಿಗೆ ಬರುತ್ತೆ. ನೀರಿಗೆ ಎದುರು ಈಜುವ ತಾಕತ್ತು ಸಾಲದು, ಅದಕ್ಕೇ ಒಂದು ಉಪಾಯ ಮಾಡುತ್ತೆ. ರಾತ್ರಿ ಉಬ್ಬರ ಬಂದಾಗ ಮೇಲೆದ್ದು ನೀರಿನ ಜೊತೆ ಒಳಗೆ ಬರೋದು, ಇಳಿತದಲ್ಲಿ ತಳಕ್ಕೆ ಅಂಟಿಕೊಂಡು ಕೂರೋದು. ಹೀಗೆ ಒಂದೊಂದೇ ಮೆಟ್ಟಿಲು. ಸಿಹಿನೀರಿನ ವಾಸನೆ ಸಿಕ್ಕ ಮೇಲೆ ಮೈಗೆ ಬಣ್ಣ ಬಂದು, ಹುಳಹುಪ್ಪಟೆ, ಸಣ್ಣ ಸಿಗಡಿ ಅಂತ ತಿನ್ನಲು ಶುರು. ಒದ್ದೆ ಬಂಡೆ ಸಿಕ್ಕರೆ ಹತ್ತುತ್ತೆ ಕೂಡ. ದಾರಿ ತೋರಿಸಲು ಅಪ್ಪ ಅಮ್ಮ ಯಾರೂ ಇಲ್ಲ. ಅಜ್ಜಿ ಪೂರ್ತಿ ತಪ್ಪು ಹೇಳಿರಲಿಲ್ಲ ನೋಡಿ.

ನಮ್ಮ ಹೊಳೆಗಳದ್ದು ಬೇರೆ ಜಾತಿ. ಒಂದು, 1831ರಲ್ಲಿ ಹೆಸರು ಪಡೆದ ಬೆಂಗಾಲೆನ್ಸಿಸ್. ಇನ್ನೊಂದು, 1844ರ ಬೈಕಲರ್. ಶ್ಮಿಟ್ ಅವರ 'ಡಾನಾ' ಹಡಗು 1928ರಿಂದ 1930ರವರೆಗೆ ಲೋಕ ಸುತ್ತಿದಾಗ ಹಿಂದೂ ಮಹಾಸಾಗರದಲ್ಲೂ ಬಲೆ ಎಳೆಯಿತು. ಆ ಮರಿಗಳನ್ನು ಪರೀಕ್ಷಿಸಿದ ಯೆಸ್ಪರ್ಸನ್ 1942ರಲ್ಲಿ ಸುಮಾತ್ರಾದ ಪಶ್ಚಿಮಕ್ಕಿರುವ ಮೆಂಟಾವೈ ದ್ವೀಪಗಳ ಕಡೆಗೆ ಬೆರಳು ತೋರಿಸಿದರು.

ಈಗ ಉಲ್ಹಾಸ್ ನದಿಗೆ ಬರೋಣ. ರಾಜಮಾಚಿಯ ಬೆಟ್ಟದಲ್ಲಿ ಹುಟ್ಟಿ ಕರ್ಜತ್, ಬದಲಾಪುರ ದಾಟಿ, ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಖಾಡಿಯಾಗಿ, ವಸಈ ಕಡೆ ಸಮುದ್ರ ಸೇರುತ್ತೆ. ಮೇಲೆ ಬರುವ ಮರಿಗೆ ಇದೇ ಬಾಗಿಲು. ಆ ಬಾಗಿಲಲ್ಲಿ ನಾವು ಏನು ಸುರಿದಿದೀವಿ? ಅಂಬರನಾಥ, ಉಲ್ಹಾಸನಗರ ಎರಡರ ಕೊಳಚೆ, ರಾಸಾಯನಿಕ ಎಲ್ಲ ಹೊತ್ತು ವಾಲಧುನಿ ಬಂದು ಇಲ್ಲೇ ಸೇರುತ್ತೆ. 2014ರಲ್ಲಿ ಯಾರೋ ಸುರಿದ ರಾಸಾಯನಿಕದಿಂದ ವಿಷಗಾಳಿ ಎದ್ದು ನಮ್ಮ ಊರಿನ ನೂರಾರು ಜನ ಆಸ್ಪತ್ರೆ ಸೇರಿದ್ದರು. ದಡದ ಮೇಲಿನವರಿಗೇ ಹಾಗಾದರೆ, ಗಾಜಿನ ದಾರದ ಗತಿ? ಮೇಲುಗಡೆ 1972ರ ಬಾರ್ವಿ ಅಣೆಕಟ್ಟು ಇದೆ, ಅದರ ನೀರನ್ನು ನಾವೇ ಕುಡಿಯುತ್ತೀವಿ. ಇಲ್ಲಿಯವರನ್ನು ಮಾತ್ರ ಬೈದರೆ ಆಗದು. ಶರಾವತಿಗೂ ಗೇರುಸೊಪ್ಪೆಯಲ್ಲಿ ಅಡ್ಡ ಗೋಡೆ ನಿಂತಿದೆ, ಅದರ ಕರೆಂಟು ನಮ್ಮ ಊರಿನವರಿಗೂ ಬೇಕು.

ನಮ್ಮ ಓಣಿಯಲ್ಲಿ ಒಬ್ಬ ಸಿಂಧಿ ದಾದಾ ಇದ್ದರು. ಹುಡುಗನಾಗಿದ್ದಾಗ ಸಿಂಧ್ ಬಿಟ್ಟು ಬಂದವರು, ಈ ಊರು ಬರೀ ಮಿಲಿಟರಿ ಕ್ಯಾಂಪಾಗಿದ್ದು 1949ರಲ್ಲಿ ಉಲ್ಹಾಸನಗರ ಆಗಿದ್ದನ್ನು ಕಂಡವರು. ಅವರು ಪಲ್ಲಾ ಮೀನಿನ ಮಾತು ತೆಗೆದರೆ ನಿಲ್ಲಿಸುತ್ತಿರಲಿಲ್ಲ. ಝೂಲೇಲಾಲ್ ದೇವರು ಕೂತಿರೋದೂ ಅದರ ಮೇಲೇ. ಅದು ಹಾವುಮೀನಿಗೆ ತಿರುಗುಮುರುಗು. ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಸಿಂಧೂ ನದಿ ಹತ್ತುತ್ತೆ. "1955ರಲ್ಲಿ ಕೋಟ್ರಿಯಲ್ಲಿ ಬ್ಯಾರೇಜ್ ಕಟ್ಟಿದರು ಭಾಯಿ, ಪಲ್ಲಾ ಅಲ್ಲೇ ನಿಂತುಬಿಡ್ತು. ನಮಗೆ ವಾಪಸು ದಾರಿ ಇಲ್ಲ, ಅದಕ್ಕೆ ಮುಂದೆ ದಾರಿ ಇಲ್ಲ" ಅಂತಿದ್ದರು. ಅವರು ತೀರಿಕೊಂಡು ಹತ್ತು ವರ್ಷದ ಮೇಲಾಯ್ತು.

ದಾರಿ ಮಾಡಿಕೊಡೋಕೆ ದೊಡ್ಡ ವಿದ್ಯೆ ಬೇಡ. ನ್ಯೂಜಿಲೆಂಡ್, ಯುರೋಪಿನಲ್ಲಿ ಅಣೆಕಟ್ಟಿನ ಪಕ್ಕ ಬ್ರಷ್ಷಿನಂಥ ಒರಟು ಹಾಸಿನ ಇಳಿಜಾರು ಮಾಡಿ ಸ್ವಲ್ಪ ನೀರು ಬಿಡ್ತಾರೆ, ಮರಿ ತಾನೇ ಹತ್ತಿಕೊಂಡು ಹೋಗುತ್ತೆ. ಅಲ್ಲೂ ತಡವಾಗಿ ಎಚ್ಚರ ಆಯ್ತು ಅನ್ನಿ. 1980ರ ದಶಕದಿಂದ ಈಚೆಗೆ ಯುರೋಪಿಗೆ ಬರುವ ಮರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆಯಾಗಿವೆ. 2008ರಿಂದ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ನಾನಂತೂ ಇಲ್ಲಿಗೆ ಬಂದಾಗ ಹೊಟ್ಟೆಗಿಲ್ಲದೆ ಬಂದವನು, ಸಿಕ್ಕಿದ್ದು ತಿಂದು ಬೆಳೆದವನು. ನೀವೂ ಬಹಳ ಜನ ಹಾಗೇ ಬಂದವರಲ್ಲವೇ? ನಮಗೆ ಈ ಊರು ಬಾಗಿಲು ಹಾಕಲಿಲ್ಲ. ನಮ್ಮ ಹಾಗೇ ರಾತ್ರಿ ಹೊತ್ತು ಬಂದು ಖಾಡಿಯ ತಳಕ್ಕೆ ಅಂಟಿಕೊಂಡು ಉಬ್ಬರಕ್ಕೆ ಕಾಯುವ ಮರಿಗೆ ಮಾತ್ರ ನಾವು ಹಾಕಿಬಿಟ್ಟೆವಾ ಅಂತ ಕೇಳಿಕೊಳ್ತೀನಿ. ಮುಂದಿನ ಸಲ ದುರ್ಗಾಡಿ ಸೇತುವೆ ದಾಟುವಾಗ ನೀವೂ ಒಮ್ಮೆ ಕೆಳಗೆ ನೋಡಿ.